ಅಕ್ಟೋಬರಿನಲ್ಲಿ ಎಲೆ ಉದುರುವ ಊರು ಯಾವುದು?

ಕಳೆದ ವಾರ ನಮ್ಮ ಕಚೇರಿಯ ಊಟದ ಕೋಣೆಯಲ್ಲಿ ಯಾರೋ ಬಿಟ್ಟುಹೋಗಿದ್ದ ಇಂಗ್ಲಿಷ್ ಪತ್ರಿಕೆಯೊಂದರ ಭಾನುವಾರದ ಪುರವಣಿ ಕೈಗೆ ಸಿಕ್ಕಿತು. ಅದರಲ್ಲಿ ಇಡೀ ಒಂದು ಪುಟ ಋತುವಿಗೆ ತಕ್ಕ ಉಗುರುಬಣ್ಣ ಯಾವುದೆಂಬ ಉಪದೇಶಕ್ಕೆ ಮೀಸಲಾಗಿತ್ತು. ಬೇಸಿಗೆಯ ಹವಳ, ನಿಂಬೆ, ತಿಳಿನೀಲಿಗಳನ್ನು ಇನ್ನು ಎತ್ತಿಡಬೇಕಂತೆ. ಎಲೆಗಳು ಹಣ್ಣಾಗಿ ಉದುರುವ ಈ ದಿನಗಳಿಗೆ ತುಕ್ಕಿನ ಕೆಂಪು, ದ್ರಾಕ್ಷಾರಸದ ಕಡುಗೆಂಪು, ಸುಟ್ಟ ಕಿತ್ತಳೆ ಒಪ್ಪುತ್ತವಂತೆ. ಡಿಸೆಂಬರಿಗೆ ಹಿಮದ ಬೆಳ್ಳಿ, ಕಡುನೀಲಿ. ನಾನು ಓದುತ್ತಿದ್ದದ್ದು ಮುಂಬಯಿಯಲ್ಲಿ, ಅಕ್ಟೋಬರಿನ ಎರಡನೆಯ ವಾರದಲ್ಲಿ. ಮಳೆ ಹಿಂದೆಗೆದ ಮೇಲೆ ಈ ಊರಿಗೆ ಬರುವುದು ಎರಡನೆಯ ಬೇಸಿಗೆ. ಅದನ್ನು ಇಲ್ಲಿಯ ಮರಾಠಿಗರೂ ಗುಜರಾತಿಗಳೂ ನಾವೂ ಒಂದೇ ಹೆಸರಿನಿಂದ ಕರೆಯುತ್ತೇವೆ: 'ಅಕ್ಟೋಬರ್ ಹೀಟ್'. ಕಿಟಕಿಯಾಚೆಯ ಮಳೆಮರ ನಾಲ್ಕು ತಿಂಗಳು ನೀರು ಕುಡಿದು ಕೊಬ್ಬಿ ಹಸಿರಾಗಿ ನಿಂತಿತ್ತು. ಒಂದು ಎಲೆಯೂ ಹಣ್ಣಾಗಿರಲಿಲ್ಲ.

ಇದನ್ನು ನಮ್ಮ ಬಳಗದ ತಿಂಗಳ ಸಭೆಯ ಚಹಾದ ಹೊತ್ತಿನಲ್ಲಿ ಹೇಳಿದೆ. ಹಿರಿಯರೊಬ್ಬರು ನಕ್ಕು, "ನಿಮ್ಮಂಥವರು ಉಗುರಿನ ಬಣ್ಣದ ಮೇಲೆ ಯಾಕೆ ತಲೆ ಕೆಡಿಸಿಕೊಳ್ಳುತ್ತೀರಿ?" ಎಂದರು. ಅವರ ಬಗ್ಗೆ ನನಗೆ ಗೌರವವಿದೆ. ಆದರೆ 'ನಿಮ್ಮಂಥವರು' ಎಂದರೆ ಯಾರು? ಸಾಹಿತ್ಯ ಓದಿದ, ಸರ್ಕಾರಿ ಕಡತ ನೋಡುವ ಹೆಂಗಸು ಬೆರಳ ತುದಿಗೆ ಏನು ಹಚ್ಚಿಕೊಳ್ಳುತ್ತಾಳೆಂಬುದು ಚರ್ಚೆಗೆ ಯೋಗ್ಯವಲ್ಲವೆಂದು ತೀರ್ಮಾನಿಸಿದವರು ಯಾರು? ಇದೇ ಹಿರಿಯರು ಹಿಂದಿನ ಸಭೆಯಲ್ಲಿ ಮುಕ್ಕಾಲು ಗಂಟೆ ವಿಸ್ಕಿಯ ಬಗೆಗಳನ್ನು ಕುರಿತು ಮಾತನಾಡಿದ್ದರು. ನಾವೆಲ್ಲ ಕಿವಿಗೊಟ್ಟು ಕೇಳಿದ್ದೆವು. ಕ್ಷುಲ್ಲಕವೆಂಬುದು ವಸ್ತುವಿನ ಗುಣವಲ್ಲ, ಅದನ್ನು ಬಳಸುವವರ ಲಿಂಗವನ್ನು ನೋಡಿ ಅಂಟಿಸುವ ಚೀಟಿ ಎಂಬ ಅನುಮಾನ ನನಗೆ ಬಹಳ ಕಾಲದಿಂದ ಇದೆ. ಆದ್ದರಿಂದ ಬರೆಯುತ್ತಿದ್ದೇನೆ.

ನನ್ನ ವಾದ ಇಷ್ಟು. ಋತುವಿಗೊಪ್ಪುವ ಉಗುರುಬಣ್ಣವೆಂದು ನಮಗೆ ಮಾರಲಾಗುತ್ತಿರುವುದರಲ್ಲಿ ಋತುವೇ ಇಲ್ಲ. ಇರುವುದು ಮಾರಾಟದ ಪಂಚಾಂಗ. ಅದೂ ಬೇರೊಂದು ಅಕ್ಷಾಂಶದಲ್ಲಿ ಬರೆದದ್ದು.

ಈ ಪಂಚಾಂಗಕ್ಕೊಂದು ಹುಟ್ಟಿದ ಊರಿದೆ, ಹೆಚ್ಚುಕಡಿಮೆ ಹುಟ್ಟಿದ ಕಾಲವೂ ಇದೆ. ಸೀಸೆಯೊಳಗಿನ ಆ ದ್ರವದ ಮುಖ್ಯ ವಸ್ತು ನೈಟ್ರೋಸೆಲ್ಯುಲೋಸ್. ಹತ್ತಿಯನ್ನು ಆಮ್ಲದಲ್ಲಿ ಸಂಸ್ಕರಿಸಿ ಮಾಡಿದ್ದು, ಒಂದು ಕಾಲಕ್ಕೆ ಸಿಡಿಮದ್ದಾಗಿದ್ದದ್ದು. ಮೊದಲ ಮಹಾಯುದ್ಧ ಮುಗಿದ ಮೇಲೆ ಅಮೆರಿಕದಲ್ಲಿ ಇದೇ ಪದಾರ್ಥದಿಂದ ಬೇಗ ಒಣಗುವ ಮೋಟಾರುಕಾರಿನ ಬಣ್ಣವನ್ನು ತಯಾರಿಸಿದರು. ಕಪ್ಪು ಕಾರಿನ ಕಾಲ ಮುಗಿದು ಬಣ್ಣಬಣ್ಣದ ಕಾರುಗಳು ಬಂದವು. ಚೆನ್ನಾಗಿಯೇ ಓಡುತ್ತಿರುವ ಕಾರನ್ನು ಹಳತೆನಿಸುವಂತೆ ಮಾಡಲು ವರ್ಷಕ್ಕೊಂದು ಹೊಸ ರೂಪ, ಹೊಸ ಬಣ್ಣ ತರುವ ನೀತಿಯನ್ನು ಜನರಲ್ ಮೋಟರ್ಸ್‌ನ ಆಲ್‌ಫ್ರೆಡ್ ಸ್ಲೋನ್ ೧೯೨೦ರ ದಶಕದಲ್ಲಿ ಜಾರಿಗೆ ತಂದ. ಉಗುರಿನ ಬಣ್ಣವೂ ಅದೇ ವಂಶದ್ದು, ಅದೇ ಪಾಠವನ್ನು ಕಲಿತದ್ದು. ೧೯೩೨ರಲ್ಲಿ ನ್ಯೂಯಾರ್ಕಿನಲ್ಲಿ ಆರಂಭವಾದ ರೆವ್ಲಾನ್ ಮೊದಲು ಮಾರಿದ್ದು ಉಗುರುಬಣ್ಣವನ್ನೇ. ತುಟಿಗೂ ಬೆರಳ ತುದಿಗೂ ಒಂದೇ ಬಣ್ಣವಿರಬೇಕೆಂದು, ವಸಂತಕ್ಕೊಂದು ಅವರ ಶರತ್ತಿಗೊಂದು ಹೊಸ ಬಣ್ಣ ಬರಬೇಕೆಂದು ಹೆಂಗಸರಿಗೆ ಕಲಿಸಿದವರಲ್ಲಿ ಅದರ ಮುಖ್ಯಸ್ಥ ಚಾರ್ಲ್ಸ್ ರೆವ್ಸನ್ ಮೊದಲಿಗ. ೧೯೫೨ರ 'ಫೈರ್ ಅಂಡ್ ಐಸ್' ಎಂಬ ಅವನ ಜಾಹೀರಾತು ಇಂದಿಗೂ ಜಾಹೀರಾತಿನ ಪಠ್ಯಗಳಲ್ಲಿ ಇರುತ್ತದೆ. ಒಂದು ಸೀಸೆ ಮುಗಿಯಲು ವರ್ಷ ಬೇಕು, ಬಹಳಷ್ಟು ಸೀಸೆಗಳು ಮುಗಿಯುವುದೇ ಇಲ್ಲ. ಮುಗಿಯುವ ತನಕ ಕಾದರೆ ಅಂಗಡಿ ನಡೆಯುವುದು ಹೇಗೆ? ಆದ್ದರಿಂದ ಸೀಸೆ ತುಂಬಿರುವಾಗಲೇ ಅದರ ಕಾಲ ಮುಗಿಯಿತೆಂದು ಹೇಳಬೇಕು. ಅದಕ್ಕೆ ಋತುವಿಗಿಂತ ಒಳ್ಳೆಯ ನೆಪವಿಲ್ಲ. ಪ್ರಕೃತಿಯ ಜೊತೆ ಯಾರೂ ಜಗಳವಾಡುವುದಿಲ್ಲವಲ್ಲ.

ಅದೇ ೧೯೫೨ರಲ್ಲಿ ನಮ್ಮಲ್ಲಿ ಟಾಟಾ ಸಂಸ್ಥೆ ಲ್ಯಾಕ್ಮೆಯನ್ನು ಆರಂಭಿಸಿತು. ಹೆಸರು ಒಂದು ಫ್ರೆಂಚ್ ಗೀತನಾಟಕದ್ದು, ಆ ಹೆಸರಿನ ಮೂಲ ನಮ್ಮ ಲಕ್ಷ್ಮಿ. ನಮ್ಮ ದೇವತೆ ಪ್ಯಾರಿಸ್ಸಿಗೆ ಹೋಗಿ ಉಚ್ಚಾರಣೆ ಬದಲಿಸಿಕೊಂಡು ಬಂದ ಮೇಲೆಯೇ ನಮ್ಮ ಕಪಾಟಿನಲ್ಲಿ ಜಾಗ ಪಡೆದದ್ದು. ಇದನ್ನು ಆಕ್ಷೇಪಿಸಲಾರೆ, ನಮ್ಮ ಅವ್ವನ ಬಳಿ ಇದ್ದ ಒಂದೇ ಒಂದು ಸೀಸೆ ಅದರದೇ. ಆದರೆ ಆ ಹೆಸರಿನ ಫ್ಯಾಷನ್ ವಾರ ಮುಂಬಯಿಯಲ್ಲಿ ವರ್ಷಕ್ಕೆರಡು ಬಾರಿ ನಡೆಯುತ್ತಿದ್ದಾಗ ಅದರ ಎರಡನೆಯ ಕಂತಿಗೆ 'ವಿಂಟರ್ ಫೆಸ್ಟಿವ್' ಎಂಬ ಹೆಸರಿತ್ತು. ೨೦೧೭, ೨೦೧೮, ೨೦೧೯, ಈ ಮೂರೂ ವರ್ಷ ಅದು ನಡೆದದ್ದು ಆಗಸ್ಟ್ ತಿಂಗಳಲ್ಲಿ. ಆಗಸ್ಟಿನ ಮುಂಬಯಿ ಹೇಗಿರುತ್ತದೆಂದು ಇಲ್ಲಿಯ ಕನ್ನಡಿಗರಿಗೆ ಹೇಳಬೇಕಿಲ್ಲ. ಹಳಿಯ ಮೇಲೆ ನೀರು ನಿಂತು ಲೋಕಲ್ ರೈಲು ಕುರ್ಲಾದಲ್ಲಿ ನಿಂತಿರುವಾಗ ಈ ಊರಿನೊಳಗೇ ಒಂದು ಸಭಾಂಗಣದಲ್ಲಿ ಚಳಿಗಾಲ ನಡೆಯುತ್ತಿರುತ್ತದೆ.

ಇನ್ನು ಎಲೆಯ ಮಾತು. ವರ್ಗಾವಣೆಯ ನೌಕರಿ ನನ್ನನ್ನು ದಿಲ್ಲಿ, ಚೆನ್ನೈ, ಮುಂಬಯಿ ಮೂರೂ ಊರುಗಳಲ್ಲಿ ಇಟ್ಟಿದೆ. ಮುಂಬಯಿಗೆ, ಚೆನ್ನೈಗೆ ಚಳಿ ಇಲ್ಲ ನಿಜ, ದಿಲ್ಲಿಗಾದರೂ ಈ ಪಂಚಾಂಗ ಹೊಂದುತ್ತದಲ್ಲ ಎಂದು ಸ್ನೇಹಿತೆಯೊಬ್ಬಳು ಕೇಳಿದಳು. ನಾನೂ ಹಾಗೆಯೇ ಅಂದುಕೊಂಡು ದಿಲ್ಲಿಗೆ ಹೋದವಳು. ಅಲ್ಲಿಯ ಚಳಿ ಸುಳ್ಳಲ್ಲ. ಆದರೆ ದಿಲ್ಲಿಯ ಮರಗಳು ಎಲೆ ಉದುರಿಸುವುದು ಅಕ್ಟೋಬರಿನಲ್ಲಲ್ಲ. ಬೇವು ಬೋಳಾಗುವುದು ಚಳಿ ಕಳೆದ ಮೇಲೆ, ಫೆಬ್ರವರಿ ಮಾರ್ಚ್‌ಗಳಲ್ಲಿ. ಹಿಂದಿಯವರ 'ಪತ್‌ಝಡ್' ಅದು, ನಮ್ಮ ಶಿಶಿರ. ಅದೇ ಹೊತ್ತಿಗೆ ಎಲೆಯಿಲ್ಲದ ಬೂರುಗದ ಮರ ಕೆಂಪಗೆ ಹೂ ಬಿಟ್ಟಿರುತ್ತದೆ, ರಿಡ್ಜ್‌ನ ಕಾಡಿನಲ್ಲಿ ಮುತ್ತುಗ ಕೆಂಡವಾಗಿರುತ್ತದೆ. ಅದಾದ ಮೇಲೆ ಅರಳಿ ಚಿಗುರುತ್ತದೆ. ಅರಳಿಯ ಎಳೆಯ ಎಲೆಯನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತು, ಅದರ ಬಣ್ಣ ಹಸಿರಲ್ಲ, ತಾಮ್ರ. ಮಾವಿನ ಚಿಗುರೂ ಅಷ್ಟೆ, ಕಂದುಗೆಂಪು. ಆ ಪುರವಣಿ 'ಉದುರುವ ಎಲೆಯ ಬಣ್ಣ'ವೆಂದು ಪಟ್ಟಿ ಮಾಡಿದ ತಾಮ್ರ, ತುಕ್ಕು, ಕಂದುಗೆಂಪುಗಳೆಲ್ಲ ನಮ್ಮಲ್ಲಿ ಹುಟ್ಟುವ ಎಲೆಯ ಬಣ್ಣಗಳು. ಅವರಿಗೆ ಸಾವಿನ ಕಾಲಕ್ಕೆ ಬರುವ ಬಣ್ಣ ನಮಗೆ ಯುಗಾದಿಗೆ ಬರುತ್ತದೆ. ಇಷ್ಟು ತಲೆಕೆಳಗಾದ ಪಟ್ಟಿಯನ್ನು ಯಾವ ಕೃಷಿ ಅಧಿಕಾರಿ ಕಡತದಲ್ಲಿಟ್ಟಿದ್ದರೂ ನಾವು ಕಾರಣ ಕೇಳಿ ಟಿಪ್ಪಣಿ ಬರೆಯುತ್ತಿದ್ದೆವು.

ಚೆನ್ನೈಯ ಕಥೆ ಇನ್ನೂ ಬೇರೆ. ಅಲ್ಲಿ ಮಳೆಯ ಮುಖ್ಯ ಪಾಲು ಬರುವುದೇ ಅಕ್ಟೋಬರಿನಿಂದ ಡಿಸೆಂಬರಿನ ತನಕ, ಈಶಾನ್ಯ ಮಾರುತದಿಂದ. ಜಗತ್ತಿನ ಅಂಗಡಿಗಳೆಲ್ಲ ಒಣಗಿದ ಎಲೆಯ ಬಣ್ಣ ಮಾರುತ್ತಿರುವಾಗ ಅಲ್ಲಿಯ ಮನೆಗಳಲ್ಲಿ ಒಣಗದ ಬಟ್ಟೆಯ ವಾಸನೆ.

ಇಲ್ಲಿ ನಮ್ಮ ತಪ್ಪೂ ಒಂದಿದೆ, ಭಾಷೆಯ ತಪ್ಪು. ಈಗೀಗ ಕನ್ನಡದ ಜಾಲತಾಣಗಳಲ್ಲೂ ಈ ಲೇಖನಗಳು ಅನುವಾದವಾಗಿ ಬರುತ್ತಿವೆ. ಅನುವಾದಕರು 'ಆಟಮ್' ಕಂಡಲ್ಲೆಲ್ಲ 'ಶರತ್ಕಾಲ' ಎಂದು ಬರೆದು ಮುಂದೆ ಹೋಗುತ್ತಾರೆ. ಧಾರವಾಡದಲ್ಲಿ ಎಂ.ಎ. ಓದುವಾಗ ನಾನೂ ಹಾಗೆಯೇ ಓದಿಕೊಂಡೆ. ಕೀಟ್ಸ್ ೧೮೧೯ರಲ್ಲಿ ಬರೆದ ಶರದ ಗೀತೆಯನ್ನು ಮೇಷ್ಟ್ರು ಬಹಳ ಚೆನ್ನಾಗಿ ಪಾಠ ಮಾಡಿದರು. ಅದು ಸುಗ್ಗಿಯ, ಮಾಗಿದ ಹಣ್ಣಿನ, ಬೆಳೆ ಕೊಯ್ದ ಹೊಲದ ಪದ್ಯ. ಕ್ಲಾಸಿನ ಕಿಟಕಿಯಿಂದಾಚೆ ನಮ್ಮ ಬೆಳವಲದಲ್ಲಿ ಅದೇ ವಾರ ಹಿಂಗಾರಿ ಜೋಳದ ಬಿತ್ತನೆ ನಡೆದಿತ್ತು. ಅವನಿಗೆ ಕೊಯ್ಲು, ನಮಗೆ ಬಿತ್ತನೆ. ಪರೀಕ್ಷೆಯಲ್ಲಿ ನಾನು ಬರೆದದ್ದು ಕೊಯ್ಲಿನ ಬಗ್ಗೆ, ಅಂಕವೂ ಬಂತು. ಕಿಟಕಿಯ ಕಡೆ ನೋಡಬೇಕೆಂದು ಯಾರೂ ಹೇಳಲಿಲ್ಲ, ನನಗೂ ಹೊಳೆಯಲಿಲ್ಲ.

ನಮ್ಮ ಕಾವ್ಯಪರಂಪರೆಯ ಶರತ್ತು ಯಾವ ಬಣ್ಣದ್ದು? ಕಾಳಿದಾಸನದೆಂದು ಪ್ರಸಿದ್ಧವಾದ 'ಋತುಸಂಹಾರ' ಗ್ರೀಷ್ಮದಿಂದ ಆರಂಭವಾಗಿ ಆರು ಸರ್ಗಗಳಲ್ಲಿ ವರ್ಷವನ್ನು ಸುತ್ತುತ್ತದೆ. ಅದರ ಶರತ್ತು ಬಿಳಿಯದು: ಜೊಂಡಿನ ಬಿಳಿ ಹೂ, ಹಂಸ, ತೊಳೆದಿಟ್ಟ ಆಕಾಶ, ಬೆಳುದಿಂಗಳು. ದ್ರಾಕ್ಷಾರಸದ ಕಡುಗೆಂಪಿಗೆ ಅಲ್ಲಿ ಏನೂ ಕೆಲಸವಿಲ್ಲ. ಕೆಂಪು ಬೇಕಾದರೆ ಮಳೆಗಾಲಕ್ಕೆ ಹೋಗಬೇಕು. ಮೃಗಶಿರಾ ಮಳೆ ಬಿದ್ದು ನೆಲ ನೆನೆದ ಮರುದಿನ ಹೊಲದ ಬದುವಿನಲ್ಲಿ ಮಖಮಲ್ಲಿನಂಥ ಕೆಂಪು ಹುಳಗಳು ಹರಿದಾಡುತ್ತವಲ್ಲ, ಕವಿಗಳ ಇಂದ್ರಗೋಪ, ನಮ್ಮ ಕಡೆಯವರ ಮಿರಗದ ಹುಳ? ಅವನ್ನು ಅಂಗೈಯಲ್ಲಿಟ್ಟುಕೊಂಡು ಆಡಿದ ಯಾವ ಹುಡುಗಿಗೂ ಕೆಂಪು ಜೂನ್ ತಿಂಗಳ ಬಣ್ಣ. ಜೂನಿನಲ್ಲಿ ಪುರವಣಿ ನಮಗೆ ಹೇಳುವುದು ಕಡಲತೀರದ ತಿಳಿನೀಲಿಯನ್ನು. ಜೂನಿನ ಕಡಲು ತಿಳಿನೀಲಿಯಾಗಿರುವುದು ಎಲ್ಲಿ? ನಮ್ಮ ಪಡುವಣ ಕರಾವಳಿಯಲ್ಲಂತೂ ಅದು ಕೆಸರಿನ ಬಣ್ಣದ್ದು, ಮೀನಿನ ದೋಣಿಗಳೂ ಆಗ ದಡದಲ್ಲಿರುತ್ತವೆ.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಬರೆಯಲೇಬೇಕೆನಿಸಿದ್ದು ಬೇರೆ ಕಾರಣಕ್ಕೆ.

ನಮ್ಮ ವಿಭಾಗಕ್ಕೆ ಎರಡು ವರ್ಷದ ಹಿಂದೆ ವಿಜಯಪುರದ ಕಡೆಯ ಹುಡುಗಿಯೊಬ್ಬಳು ಬಂದಳು. ಪರೀಕ್ಷೆ ಬರೆದು, ಮೊದಲ ನೌಕರಿ, ಮೊದಲ ಸಂಬಳ. ಎಣ್ಣೆಗಪ್ಪು ಮೈಬಣ್ಣ, ಉದ್ದನೆಯ ಬೆರಳು. ಮೊದಲ ಸಂಬಳದಲ್ಲಿ ದಾದರ್ ಸ್ಟೇಷನ್ನಿನ ಹೊರಗೆ ಒಂದು ಗಿಳಿಹಸಿರು ನೇಲ್ ಪಾಲಿಶ್ ಕೊಂಡಿದ್ದಳು. ಅದನ್ನು ಹಚ್ಚಿಕೊಂಡು ಅವಳು ಕೀಲಿಮಣೆಯ ಮೇಲೆ ಬೆರಳಾಡಿಸುವುದನ್ನು ನೋಡುವುದೇ ಒಂದು ಖುಷಿ. ಒಂದು ದಿನ ಉಗುರುಗಳು ಬರಿದಾಗಿದ್ದವು. ಮರುವಾರ ಕಪ್ಪೆನ್ನುವಷ್ಟು ಗಾಢವಾದ ನೇರಳೆ. ಯಾಕೆಂದು ಕೇಳಿದೆ. "ನನ್ನ ಕೈಗೆ ಆ ಬಣ್ಣ ಒಪ್ಪಂಗಿಲ್ಲಂತ್ರಿ ಮೇಡಂ. ನಾ ವಿಂಟರ್ ಅಂತ್ರಿ" ಎಂದಳು. ಬ್ಯೂಟಿ ಪಾರ್ಲರಿನಲ್ಲಿ ಯಾರೋ ಫೋನಿನಲ್ಲಿ ಅವಳ ಚಿತ್ರ ತೆಗೆದು, ಒಂದು ಆ್ಯಪ್‌ಗೆ ಹಾಕಿ ತೀರ್ಪು ಕೊಟ್ಟಿದ್ದರು.

ಋತುವನ್ನು ಕಾಲದಿಂದ ಕಿತ್ತು ಮನುಷ್ಯರ ಚರ್ಮಕ್ಕೆ ಅಂಟಿಸಿದ ಈ ವಿದ್ಯೆ ಹೊಸದಲ್ಲ. ೧೯೮೦ರಲ್ಲಿ ಅಮೆರಿಕದಲ್ಲಿ ಕ್ಯಾರೋಲ್ ಜಾಕ್ಸನ್ ಬರೆದ 'ಕಲರ್ ಮಿ ಬ್ಯೂಟಿಫುಲ್' ಎಂಬ ಪುಸ್ತಕ ಇದನ್ನು ಮನೆಮನೆಗೆ ತಲುಪಿಸಿತು. ಚರ್ಮ, ಕಣ್ಣು, ಕೂದಲಿನ ಬಣ್ಣ ನೋಡಿ ಹೆಂಗಸರನ್ನು ವಸಂತ, ಬೇಸಿಗೆ, ಶರತ್, ಚಳಿಗಾಲ ಎಂದು ನಾಲ್ಕು ಪಂಗಡ ಮಾಡುವುದು. ಪಂಗಡಕ್ಕೊಂದು ಬಣ್ಣದ ಪಟ್ಟಿ ಕೊಡುವುದು. ಬಿಳಿಯ ಹೆಂಗಸರು ನಾಲ್ಕು ಋತುಗಳಲ್ಲಿ ಹಂಚಿಹೋದರು. ಕಪ್ಪು ಜನರನ್ನೂ ಏಷ್ಯಾದವರನ್ನೂ ಬಹುಪಾಲು ಒಂದೇ ಋತುವಿಗೆ ತುಂಬಲಾಯಿತು: ಚಳಿಗಾಲಕ್ಕೆ. ಗ್ರೀಷ್ಮದ ನಲವತ್ತೆರಡು ಡಿಗ್ರಿಯಲ್ಲಿ ಬೆಳೆದ ವಿಜಯಪುರದ ಹುಡುಗಿ ಚಳಿಗಾಲವಾದದ್ದು ಹೀಗೆ. ಆ ಪಟ್ಟಿಯಲ್ಲಿ ಹಳದಿ ಬೆರೆತ ಬಿಸಿ ಹಸಿರು ನಿಷಿದ್ಧ.

ಒಪ್ಪುವುದು ಎಂಬ ಮಾತನ್ನು ನಾನು ತಳ್ಳಿಹಾಕುತ್ತಿಲ್ಲ. ಕಣ್ಣಿಗೆ ತನ್ನದೇ ಲೆಕ್ಕವಿದೆ, ಕೆಲವು ಬಣ್ಣಗಳು ಕೆಲವರ ಕೈಯಲ್ಲಿ ಹೆಚ್ಚು ಬೆಳಗುತ್ತವೆ. ಆದರೆ ಯಾವ ಕಣ್ಣಿನ ಲೆಕ್ಕ? ನಮ್ಮೂರ ಜಾತ್ರೆಯಲ್ಲಿ ಬಳೆಗಾರನ ಮುಂದೆ ಕೂತು ಕೈ ಕೊಟ್ಟ ನೂರಾರು ಹೆಂಗಸರಲ್ಲಿ ಎಣ್ಣೆಗಪ್ಪಿನವರೇ ಹೆಚ್ಚು. ಮದುವೆಯಿರಲಿ, ಸೀಮಂತವಿರಲಿ, ಅವನು ಮೊದಲು ತೆಗೆಯುತ್ತಿದ್ದದ್ದು ಹಸಿರು ಗಾಜಿನ ಬಳೆ. ಅದರಲ್ಲೂ ಗಿಳಿಹಸಿರು. ಕಪ್ಪು ಕೈಗೆ ಹಸಿರು ಒಪ್ಪುವುದಿಲ್ಲವೆಂದು ಅವನು ಹೇಳಿದ್ದರೆ ಆ ಜಾತ್ರೆಯಲ್ಲಿ ಒಂದು ಡಜನ್ ಬಳೆಯೂ ಮಾರಾಟವಾಗುತ್ತಿರಲಿಲ್ಲ. ಬಳೆಯಲ್ಲಿ ತಲೆಮಾರುಗಳಿಂದ ಒಪ್ಪಿದ ಬಣ್ಣ ಬಳೆಯಿಂದ ಒಂದು ಗೇಣು ಮುಂದೆ, ಉಗುರಿನಲ್ಲಿ, ಹೇಗೆ ಒಪ್ಪದೆ ಹೋಯಿತು? ಈ ಪ್ರಶ್ನೆಗೆ ಆ ಆ್ಯಪ್ ಉತ್ತರ ಕೊಡಲಿ. ಮೈಬಣ್ಣ ಬೆಳ್ಳಗಾಗಿಸುವ ಕ್ರೀಮುಗಳನ್ನು ಹೀಗಳೆಯುವುದನ್ನು ನಾವೆಲ್ಲ ಕಲಿತೆವು, ಒಳ್ಳೆಯದೇ ಆಯಿತು. ಆದರೆ ಅದೇ ಅವಮಾನ ಈಗ ಋತುವಿನ ವೇಷ ತೊಟ್ಟು, ವಿಜ್ಞಾನದ ಧಾಟಿಯಲ್ಲಿ, 'ನೀನು ಕಪ್ಪು' ಎನ್ನುವ ಬದಲು 'ನೀನು ವಿಂಟರ್' ಎನ್ನುತ್ತಿದೆ. ಮತ್ತು ಹುಡುಗಿಯರು ಅದನ್ನು ನಂಬಿ ತಮಗೆ ಬೇಕಾದ ಬಣ್ಣವನ್ನು ತಾವೇ ಅಳಿಸಿಕೊಳ್ಳುತ್ತಿದ್ದಾರೆ.

ಕಚೇರಿಯಲ್ಲೂ ಇದಕ್ಕೊಂದು ತಮಾಷೆಯ ಮಗ್ಗುಲಿದೆ. ಹಿಂದೊಮ್ಮೆ, ಬೇರೊಂದು ಊರಿನಲ್ಲಿ, ಮೇಲಧಿಕಾರಿಯೊಬ್ಬರು ನನ್ನ ಕೆಂಪು ಉಗುರು ನೋಡಿ "ಕಚೇರಿಗೆ ಇದು ತರವಲ್ಲ" ಎಂದಿದ್ದರು. ನಾನು ೧೯೬೪ರ ಕೇಂದ್ರ ನಾಗರಿಕ ಸೇವಾ ನಡತೆ ನಿಯಮಗಳನ್ನು ಮನೆಗೆ ಒಯ್ದು ಓದಿದೆ. ವರದಕ್ಷಿಣೆ ತೆಗೆದುಕೊಳ್ಳಬಾರದೆಂದಿದೆ, ಮುಷ್ಕರ ಹೂಡಬಾರದೆಂದಿದೆ, ಉಗುರಿನ ಸುದ್ದಿಯಿಲ್ಲ. ಒಬ್ಬರು ಹಚ್ಚಬೇಡ ಎನ್ನುತ್ತಾರೆ, ಇನ್ನೊಬ್ಬರು ಈ ತಿಂಗಳು ಇದನ್ನೇ ಹಚ್ಚು ಎನ್ನುತ್ತಾರೆ. ಬೆರಳುಗಳು ನನ್ನವೆಂಬುದು ಇಬ್ಬರಿಗೂ ಮರೆತಿದೆ.

ಹಾಗಾದರೆ ಉಗುರಿಗೆ ಋತುವೇ ಇಲ್ಲವೇ? ಇದೆ, ಆದರೆ ಅದನ್ನು ಯಾವ ಪುರವಣಿಯೂ ಬರೆಯುವುದಿಲ್ಲ. ದಿಲ್ಲಿಯ ಜನವರಿಯಲ್ಲಿ ಉಗುರು ಒಣಗಿ ಪದರು ಪದರಾಗಿ ಸೀಳುತ್ತದೆ. ಆಗ ಬೇಕಾದದ್ದು ಬೆಳ್ಳಿಯ ಬಣ್ಣವಲ್ಲ, ಮಲಗುವಾಗ ಒಂದು ಹನಿ ಕೊಬ್ಬರಿ ಎಣ್ಣೆ, ಅಸಿಟೋನಿನಿಂದ ಒಂದಿಷ್ಟು ದಿನ ಬಿಡುವು. ಸೀಸೆಯೊಳಗಿನ ದ್ರಾವಕ ಆರಿಹೋದಾಗಲೇ ಬಣ್ಣ ಗಟ್ಟಿಯಾಗುವುದು. ಮುಂಬಯಿಯ ಜುಲೈಯಲ್ಲಿ ಫ್ಯಾನಿನ ಕೆಳಗೆ ಕೂತು ದಪ್ಪಗೆ ಒಂದೇ ಸಲ ಬಳಿದುಕೊಂಡರೆ ಗುಳ್ಳೆ ಏಳುತ್ತದೆ, ಹೊಳಪು ಮಂಕಾಗುತ್ತದೆ. ತೆಳ್ಳಗೆ ಎರಡು ಸಲ ಹಚ್ಚಬೇಕು. ಮೇ ತಿಂಗಳ ಸೆಕೆಗೆ ಮುಚ್ಚಳ ಬಿಗಿಯಾಗಿಲ್ಲದ ಸೀಸೆ ಅಂಟಾಗುತ್ತದೆ. ಇವೆಲ್ಲಕ್ಕಿಂತ ದೊಡ್ಡ ಕಾರಣ ನೀರು. ಉಗುರು ನೀರು ಹೀರಿ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ, ಮೇಲಿನ ಪದರಕ್ಕೆ ಆ ಎಳೆದಾಟ ತಾಳದೆ ಚಕ್ಕೆ ಏಳುತ್ತದೆ. ಪಾತ್ರೆ ತಿಕ್ಕುವ ಕೈಯಲ್ಲಿ ಯಾವ ಋತುವಿನ ಬಣ್ಣವೂ ಮೂರು ದಿನ ನಿಲ್ಲದು. ನಮ್ಮ ಮನೆಗೆಲಸಕ್ಕೆ ಬರುವ ತಾಯಿ ಭಾನುವಾರ ಹಚ್ಚಿಕೊಂಡ ಗುಲಾಬಿ ಬುಧವಾರಕ್ಕೆ ಅರ್ಧ ಉಳಿದಿರುತ್ತದೆ. ಆಕೆ ಮುಂದಿನ ಭಾನುವಾರ ಮತ್ತೆ ಹಚ್ಚಿಕೊಳ್ಳುತ್ತಾರೆ, ಅದೇ ಗುಲಾಬಿಯನ್ನು, ಹನ್ನೆರಡು ತಿಂಗಳೂ.

ಬಣ್ಣಕ್ಕೂ ಕಾಲಕ್ಕೂ ನಿಜವಾದ ನಂಟಿದ್ದದ್ದನ್ನು ನಾನು ಕಂಡದ್ದು ಒಮ್ಮೆ ಮಾತ್ರ, ನಮ್ಮ ಮನೆಯ ಹಿತ್ತಲಿನಲ್ಲಿ. ನಾಗರ ಪಂಚಮಿಗೆ ಗಂಡನ ಮನೆಯಿಂದ ಅತ್ತೆಯಂದಿರು ಬರುತ್ತಿದ್ದರು. ಹಿಂದಿನ ರಾತ್ರಿ ಮದರಂಗಿ ಸೊಪ್ಪನ್ನು ಒರಳಿನಲ್ಲಿ ಅರೆದು, ಬೆರಳ ತುದಿಗೆ ಟೊಪ್ಪಿಗೆಯಂತೆ ಮೆತ್ತಿ, ಬಟ್ಟೆ ಸುತ್ತಿ ಮಲಗಿಸುತ್ತಿದ್ದರು. ಮದರಂಗಿಯ ಬಣ್ಣ ಮೇಲೆ ಕೂರುವುದಲ್ಲ, ಉಗುರಿನ ಕೆರಟಿನ್ನಿನ ಜೊತೆ ಕೂಡಿಕೊಳ್ಳುವಂಥದು. ಅಂಗೈಯದು ಎರಡು ಮೂರು ವಾರದಲ್ಲಿ ಮಾಸಿದರೂ ಉಗುರಿನದು ಮಾಸುವುದಿಲ್ಲ. ಉಗುರು ತಿಂಗಳಿಗೆ ಸುಮಾರು ಮೂರು ಮಿಲಿಮೀಟರ್ ಬೆಳೆಯುತ್ತದೆ. ಬುಡದಲ್ಲಿ ಹೊಸ ಉಗುರು ಬಿಳಿಯಾಗಿ ಏಳುತ್ತಾ ಕೆಂಪು ಮೇಲೆ ಸರಿಯುತ್ತಾ ಹೋಗಿ, ದೀಪಾವಳಿಯ ಹೊತ್ತಿಗೆ ತುದಿಯಲ್ಲಿ ಬಿದಿಗೆಯ ಚಂದ್ರನಷ್ಟು ಉಳಿದಿರುತ್ತಿತ್ತು. ಶಾಲೆಯಲ್ಲಿ ನಾವು ಹುಡುಗಿಯರು ಕೈ ಜೋಡಿಸಿ ಯಾರದು ಎಷ್ಟು ಉಳಿದಿದೆಯೆಂದು ನೋಡಿ ರಜೆಗೆಷ್ಟು ದಿನವೆಂದು ಲೆಕ್ಕ ಹಾಕುತ್ತಿದ್ದೆವು. ಅತ್ತೆಯೂ ತಮ್ಮ ಉಗುರು ನೋಡಿಯೇ ತವರು ಬಿಟ್ಟು ಎಷ್ಟು ದಿನವಾಯಿತೆಂದು ತಿಳಿಯುತ್ತಿದ್ದರಂತೆ. ಆ ಬಣ್ಣವನ್ನು ಋತುವಿಗೆ ಒಪ್ಪುವಂತೆ ಯಾರೂ ಆಯ್ದಿರಲಿಲ್ಲ. ಗಿಡ ಆಗ ಚಿಗುರಿರುತ್ತಿತ್ತು, ಹೆಣ್ಣುಮಕ್ಕಳು ಆಗ ಬರುತ್ತಿದ್ದರು, ಅಷ್ಟೆ.

ಇದನ್ನು ಹೇಳಿದೊಡನೆ ಒಂದು ಅಪಾಯವಿದೆ, ಅದೂ ನನಗೆ ಗೊತ್ತು. ನಾನು ಷಡೃತುಗಳ ದೇಸಿ ಬಣ್ಣಪಟ್ಟಿಯೊಂದನ್ನು ತಯಾರಿಸಿ ಕೊಡುತ್ತಿಲ್ಲ. ಕೊಟ್ಟರೆ ಮುಂದಿನ ವರ್ಷ ಯಾವುದಾದರೂ ಕಂಪನಿ 'ಋತುಸಂಹಾರ ಕಲೆಕ್ಷನ್' ಎಂದು ಆರು ಸೀಸೆಗಳನ್ನು ಖಾದಿಯ ಚೀಲದಲ್ಲಿಟ್ಟು ಎರಡು ಪಟ್ಟು ಬೆಲೆಗೆ ಮಾರುತ್ತದೆ. ಈಗಾಗಲೇ 'ಮಾನ್ಸೂನ್', 'ಫೆಸ್ಟಿವ್' ಎಂಬ ಹೆಸರಿನ ಪೆಟ್ಟಿಗೆಗಳು ಬಂದಿವೆ. ಲಂಡನ್ನಿನ ಆಟಮ್ ಬದಲು ಉಜ್ಜಯಿನಿಯ ಶರತ್ತು ಬಂದು ಆಜ್ಞೆ ಮಾಡಿದರೂ ಅದು ಆಜ್ಞೆಯೇ. ಶರತ್ತು ಬಿಳಿ ಎಂದು ನಾನು ವಾದಿಸಿದ್ದು ಬಿಳಿ ಹಚ್ಚಿಕೊಳ್ಳಿ ಎನ್ನುವುದಕ್ಕಲ್ಲ, ಕಡುಗೆಂಪು ಪ್ರಕೃತಿಯ ನಿಯಮವಲ್ಲ ಎಂದು ತೋರಿಸುವುದಕ್ಕೆ. ಕಡುಗೆಂಪು ಇಷ್ಟವಿದ್ದವರು ಅಕ್ಟೋಬರಿನಲ್ಲಿ ಹಚ್ಚಿಕೊಳ್ಳಲಿ, ಏಪ್ರಿಲಿನಲ್ಲೂ ಹಚ್ಚಿಕೊಳ್ಳಲಿ. ಕನ್ನಡಕ್ಕೆ ಅನುವಾದಿಸುವವರಲ್ಲಿ ಮಾತ್ರ ಒಂದು ವಿನಂತಿ: 'ಆಟಮ್' ಎಂದು ಕಂಡಲ್ಲಿ 'ಇಂಗ್ಲೆಂಡಿನಲ್ಲಿ ಎಲೆ ಉದುರುವ ಕಾಲ' ಎಂದೇ ಬರೆಯಿರಿ. ಉದ್ದವಾಗುತ್ತದೆ, ಆಗಲಿ, ಓದುವವರಿಗೆ ಅದು ಯಾರ ಕಾಲವೆಂದಾದರೂ ತಿಳಿಯುತ್ತದೆ.

ವಿಜಯಪುರದ ಹುಡುಗಿ ತಾನು ಬಿಟ್ಟ ಗಿಳಿಹಸಿರಿನ ಸೀಸೆಯನ್ನು ಎಸೆಯಹೊರಟಾಗ ನಾನು ಕೇಳಿ ತೆಗೆದುಕೊಂಡೆ. ಅದು ನನ್ನ ಮೇಜಿನ ಖಾನೆಯಲ್ಲಿ, ಸ್ಟೇಪ್ಲರಿನ ಪಕ್ಕದಲ್ಲಿದೆ. ಮುಚ್ಚಳ ಬಿಗಿಯಾಗಿಯೇ ಇದೆ, ವಾರಕ್ಕೊಮ್ಮೆ ಅಲ್ಲಾಡಿಸಿಡುತ್ತೇನೆ. ಬಳೆಗಾರನ ಮಾತನ್ನು ಮೊನ್ನೆ ಚಹಾ ಕುಡಿಯುತ್ತಾ ಅವಳಿಗೆ ಹೇಳಿದೆ. ಸುಮ್ಮನೆ ಕೇಳಿದಳು. ಸಂಜೆ ಹೋಗುವಾಗ ನನ್ನ ಮೇಜಿನ ಹತ್ತಿರ ಒಂದು ಕ್ಷಣ ನಿಂತು, "ಅದು ಇನ್ನೂ ಐತೇನ್ರಿ ಮೇಡಂ?" ಎಂದು ಕೇಳಿದಳು.